ಮಾವನವರ ಫ್ರಿಜ್ಜಿನಲ್ಲಿ ಮಂಜು

ನಮ್ಮ ಭಾಷೆಯಲ್ಲಿ ಮಂಜು ಎಂಬ ಪದಕ್ಕೆ ವಿಪರೀತ ದುಡಿಮೆ. ಬೆಳಗಿನ ಹೊತ್ತು ಆಯನೂರಿನ ದಾರಿಯನ್ನು ಮುಚ್ಚುವುದೂ ಮಂಜು, ಹಿಮಾಲಯದ ಮೇಲೆ ಬೀಳುವುದೂ ಮಂಜು, ವಯಸ್ಸಾದವರ ಕಣ್ಣಿಗೆ ಕವಿಯುವುದೂ ಮಂಜು. ಸಾಲದ್ದಕ್ಕೆ ಶಿವಮೊಗ್ಗದಲ್ಲಿ ನಿಂತು ‘ಮಂಜೂ’ ಎಂದು ಕೂಗಿದರೆ ಅರ್ಧ ಬೀದಿ ತಿರುಗಿ ನೋಡುತ್ತದೆ. ಮಂಜುನಾಥನ ಹೆಸರಿಟ್ಟುಕೊಂಡವರು ಅಷ್ಟಿದ್ದಾರೆ. ಇದರಿಂದ ಯಾರಿಗೂ ತೊಂದರೆಯಿಲ್ಲ, ನಿಮ್ಮ ಮನೆಯ ಫ್ರೀಜರಿನಲ್ಲಿ ಮಂಜು ಕಟ್ಟಿಕೊಳ್ಳುವ ತನಕ.

ನಮ್ಮನೆಯದರಲ್ಲಿ ಕಟ್ಟಿಕೊಂಡಿತು. ಆಗೆಲ್ಲ ಫ್ರಿಜ್ಜೆಂದರೆ ಒಂಟಿ ಬಾಗಿಲಿನದು, ಒಳಗೆ ಮೇಲುಗಡೆ ಪುಟ್ಟದೊಂದು ಫ್ರೀಜರು. ದಸರೆ ಕಳೆದ ಮೇಲೆ ಅದರ ಗೋಡೆಗೆ ಸುಣ್ಣ ಬಳಿದಂತೆ ತೆಳ್ಳಗೆ ಶುರುವಾದದ್ದು, ದೀಪಾವಳಿಯ ಹೊತ್ತಿಗೆ ಐಸ್ ಟ್ರೇಯನ್ನು ನುಂಗಿತು. ಸಂಕ್ರಾಂತಿಗೆ ಫ್ರೀಜರಿನ ಮುಚ್ಚಳವೇ ಹಾಕಲಾಗದಷ್ಟು ಬೆಳೆಯಿತು. ಗುಂಡಿ ಒತ್ತಿ ಕರಗಿಸಿದರೆ ಕೆಲವೇ ದಿನಕ್ಕೆ ಮತ್ತೆ ಹಾಜರು. ಒಳಗೆಲ್ಲೋ ಒಂದು ಬಟಾಣಿ ಪೊಟ್ಟಣ ಹೂತುಹೋಗಿತ್ತು. ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುವ ನಾನು ಉತ್ಖನನ ಮಾಡೋಣವೆಂದು ಚಾಕು ಹಿಡಿದು ನಿಂತೆ. “ರೀ, ಚಾಕು ಕೆಳಗಿಡಿ. ತೂತಾದ್ರೆ ಗ್ಯಾಸ್ ಹೋಗತ್ತೆ” ಎಂದು ಹೆಂಡತಿ ಶಾಂತ ಗದರಿದಳು. ಉತ್ಖನನ ಅಲ್ಲಿಗೇ ನಿಂತಿತು.

ನನ್ನ ಕಷ್ಟ ಬಟಾಣಿಯದಲ್ಲ. ಆ ಫ್ರಿಜ್ಜು ನನ್ನ ಮಾವ ಕೊಟ್ಟದ್ದು. ಅವರು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿದ್ದು, ನಿವೃತ್ತರಾದಾಗ ಮಗಳಿಗೆಂದು ಕೊಡಿಸಿದ್ದರು. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುತ್ತಾರೆ. ಮಾವ ಕೊಟ್ಟ ಫ್ರಿಜ್ಜಿನ ಮಂಜನ್ನಂತೂ ಅಳೆಯಲೇಬಾರದು. “ಇದು ಕೆಟ್ಟಿರ್ಬೇಕು ಮಾರಾಯ್ತಿ” ಎಂದು ಒಮ್ಮೆ ಬಾಯಿಜಾರಿ ಅಂದೆ. “ನಮ್ಮಪ್ಪ ಕೊಟ್ಟಿದ್ದಲ್ವಾ, ಅದಕ್ಕೆ” ಎಂದವಳು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕತೊಡಗಿದಳು.

ಅವಳ ಸಿಟ್ಟಿಗೂ ಕಾರಣವಿತ್ತು. ಭದ್ರಾವತಿಯವರಿಗೆ ಆಯುಧಪೂಜೆಯ ಮುಂದೆ ಬೇರೆಲ್ಲ ಹಬ್ಬವೂ ಸಪ್ಪೆ. ಮಿಷನ್ನುಗಳನ್ನು ಒರೆಸಿ, ಎಣ್ಣೆ ಬಿಟ್ಟು, ವಿಭೂತಿ ಬಳಿದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು ಬದುಕು ಸವೆಸಿದವರು ನನ್ನ ಮಾವ. ನಿವೃತ್ತಿಯಾದ ವರ್ಷ ಹಬ್ಬದ ದಿನ ಮನೆಯ ಜಗಲಿಯಲ್ಲಿ ಸುಮ್ಮನೆ ಕೂತಿದ್ದರಂತೆ. ಪೂಜೆ ಮಾಡಲು ಅವರದೆನ್ನುವ ಒಂದು ಮಿಷನ್ನೂ ಇರಲಿಲ್ಲ. ಮುಂದಿನ ವರ್ಷದಿಂದ ಬಸ್ಸು ಹತ್ತಿ ಶಿವಮೊಗ್ಗದ ಕೋಟೆ ಬೀದಿಯ ನಮ್ಮನೆಗೆ ಬರತೊಡಗಿದರು. ನನ್ನ ಸ್ಕೂಟರಿಗೊಂದು ಬೊಟ್ಟು, ಮಿಕ್ಸಿಗೊಂದು ಬೊಟ್ಟು, ಫ್ರಿಜ್ಜಿಗೆ ಮಾತ್ರ ಸಕಲ ಮರ್ಯಾದೆ. “ಇದು ನನ್ ಮಿಷನ್ನು” ಎಂದು ಅದರ ಬೆನ್ನು ತಟ್ಟುವಾಗ ಅವರ ಮುಖ ನೋಡಬೇಕು. ಆ ಮಿಷನ್ನು ಕೆಟ್ಟಿದೆ ಎಂದು ಅವರಿಗೆ ಹೇಳುವ ಅಳಿಯ ನಾನಾಗಬಾರದಿತ್ತು.

ಗುಟ್ಟಾಗಿ ರಿಪೇರಿ ಅಂಗಡಿಗೆ ಫೋನು ಮಾಡಿದೆ. “ನಮ್ಮನೆ ಫ್ರಿಜ್ಜಲ್ಲಿ ಮಂಜು ಕೂತ್ಬಿಟ್ಟಿದೆ ಕಣ್ರೀ” ಎಂದೆ.

“ಫ್ರಿಜ್ ಹತ್ರ ಕೂತಿದಾನಾ? ಬೆಳಿಗ್ಗೆಯಿಂದ ನಾವೂ ಅವನ್ನೇ ಹುಡುಕ್ತಿದೀವಿ ಸಾರ್. ಬೇಗ ಮುಗಿಸ್ಕೊಂಡು ಬಾ ಅಂತ ಹೇಳಿ” ಎಂದು ಅಂಗಡಿಯವರು ಫೋನಿಟ್ಟರು. ಮತ್ತೆ ಮಾಡಿ, ‘ಹಿಮ’ ಎಂದೆ. ಹಿಮಾ ಮೇಡಂ ಅಂತ ನಮ್ಮಲ್ಲಿ ಯಾರೂ ಇಲ್ಲ ಎಂದರು.

ಕೊನೆಗೆ ನಾನೇ ವೈದ್ಯನಾದೆ. ಯಾವುದೋ ವಾರಪತ್ರಿಕೆಯ ಗೃಹಿಣಿಯರ ಪುಟದಲ್ಲಿ, ತಲೆಹೊಟ್ಟಿನ ಮದ್ದಿನ ಪಕ್ಕದಲ್ಲಿ, ಒಂದು ಉಪಾಯ ಓದಿದ ನೆನಪಿತ್ತು. ಫ್ರಿಜ್ಜಿನ ಬಾಗಿಲ ಸಂದಿಗೆ ಕಾಗದ ಸಿಕ್ಕಿಸಿ ಎಳೆಯಬೇಕು. ಬಿಗಿಯಾಗಿ ಬಂದರೆ ಬಾಗಿಲಿನ ರಬ್ಬರು ಸರಿಯಿದೆ. ಸಲೀಸಾಗಿ ಬಂದರೆ ಹೊರಗಿನ ಗಾಳಿ ಒಳನುಗ್ಗುತ್ತಿದೆ, ಅದರ ತೇವವೇ ಹೆಪ್ಪುಗಟ್ಟಿ ಮಂಜಾಗುತ್ತಿದೆ. ಹಳೆಯ ದಿನಪತ್ರಿಕೆ ಹಿಡಿದು ಸುತ್ತಲೂ ಎಳೆದು ನೋಡುತ್ತ ಬಂದೆ. ಎಲ್ಲ ಕಡೆ ಬಿಗಿ. ಮೇಲಿನ ಮೂಲೆಯಲ್ಲಿ ಮಾತ್ರ ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಫ್ರಿಜ್ಜಿನ ಮೇಲೆ ಶಾಂತ ಹೊದಿಸಿದ್ದ ಲೇಸಿನ ಬಟ್ಟೆ ಎತ್ತಿದೆ. ಅಲ್ಲಿ ರಬ್ಬರಿಗೂ ಬಾಗಿಲಿಗೂ ನಡುವೆ ದಪ್ಪನೆಯ ಹುರಿ, ಅದಕ್ಕಂಟಿದ ಒಂದು ಒಣ ಮಾವಿನೆಲೆ.

ಫ್ರಿಜ್ಜಿಗೆ ಮೊಳೆ ಹೊಡೆಯುವಂತಿಲ್ಲವಲ್ಲ. ಆಯುಧಪೂಜೆಯ ಹಾರ ನಿಲ್ಲಲೆಂದು ಮಾವ ಅದರ ತುದಿಯನ್ನು ಆ ರಬ್ಬರಿನ ಸಂದಿಗೆ ಸಿಕ್ಕಿಸಿ ಬಾಗಿಲು ಮುಚ್ಚಿದ್ದರು. ಬಾಡಿದ ಹೂವನ್ನು ಶಾಂತ ಕಿತ್ತು ಗಿಡದ ಬುಡಕ್ಕೆ ಹಾಕಿದ್ದಳು, ಹುರಿ ಉಳಿದುಬಿಟ್ಟಿತ್ತು. ನಮ್ಮ ಫ್ರಿಜ್ಜಿಗೆ ಬಂದಿದ್ದ ರೋಗದ ಹೆಸರು ಭಕ್ತಿ.

ಶಾಂತ ಮೊದಲು ನಕ್ಕಳು, ಆಮೇಲೆ ಅವಳ ಮುಖ ಸಣ್ಣಗಾಯಿತು. “ಅಪ್ಪಂಗೆ ಹೇಳ್ಬೇಡಿ ರೀ. ನೊಂದ್ಕೊಂಡು ಇನ್ಮೇಲೆ ಇದನ್ನ ಮುಟ್ಟೋದೇ ಇಲ್ಲ ಅವ್ರು.” ನಾನು ಹೂಂ ಎಂದು ಹುರಿ ಎಳೆದು ತೆಗೆದು, ಫ್ರಿಜ್ಜು ಆರಿಸಿ ಬಾಗಿಲು ತೆರೆದಿಟ್ಟೆ. ಮಂಜು ಕರಗಿ ನಡುಮನೆಯ ತುಂಬ ನೀರು ಹರಿಯುತ್ತಿದ್ದಾಗ, ಹೇಳದೆ ಕೇಳದೆ ಬಾಗಿಲಲ್ಲಿ ಮಾವ! ಭದ್ರಾವತಿಯಿಂದ ಮಗಳಿಗೆ ಅವರೆಕಾಯಿ ತಂದಿದ್ದರು.

ಅವರು ಅವರೆಕಾಯಿ ಕೆಳಗಿಟ್ಟು ನೇರ ಫ್ರಿಜ್ಜಿನ ಬಳಿಗೆ ನಡೆದರು. ರಬ್ಬರಿನ ಮೇಲೆ ಬೆರಳಾಡಿಸಿದರು. ಹುರಿಯ ಅಚ್ಚು ಬಿದ್ದಿದ್ದಲ್ಲಿ ಬೆರಳು ನಿಂತಿತು. ನನ್ನ ಕೈಯಲ್ಲಿದ್ದ ಹುರಿ ಇಸಕೊಂಡು ನೋಡಿ, “ಗಾಳಿ ಹೋಗ್ತಿತ್ತು ಇಲ್ಲಿ. ಯಾರ್ರೀ ಇದು, ಬುದ್ಧಿ ಇಲ್ದೋರು, ಬಾಗ್ಲಿಗೆ ಹುರಿ ಸಿಕ್ಸಿದ್ದು?” ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಾಯಿ ಹೊತ್ತವರೇ ಕಳ್ಳನಾರೆಂದು ಕೇಳುತ್ತಿದ್ದರು. ಶಾಂತ ನೆಲದ ನೀರು ನೋಡುತ್ತಿದ್ದಳು. ಹೆಗಲು ಮುಟ್ಟಿಕೊಳ್ಳುವ ಸರದಿ ನನ್ನದಾಯಿತು.

“ನಾನೇ ಮಾವ.”

ಅವರು ನನ್ನನ್ನು ತುಸು ಹೊತ್ತು ನೋಡಿದರು. “ಇರ್ಲಿ ಬಿಡಿ ಅಳಿಯಂದ್ರೇ. ಓದಿದೋರಿಗೆ ಮಿಷನ್ ವಿಷ್ಯ ಎಲ್ಲಿ ತಿಳಿಯತ್ತೆ” ಎಂದು ಉದಾರವಾಗಿ ಕ್ಷಮಿಸಿ, ಪಂಚೆ ಎತ್ತಿ ಕಟ್ಟಿ, ಬಿಸಿನೀರಿನ ಬಟ್ಟೆಯಿಂದ ರಬ್ಬರನ್ನು ತಾವೇ ಒರೆಸಿ ನೆಟ್ಟಗೆ ಮಾಡಿದರು. ಆಮೇಲೆ ಮಂಜು ಹಾಗೆ ಕಟ್ಟಲಿಲ್ಲ. ಚರಿತ್ರೆಯಲ್ಲೂ ಮಾಡದ ತಪ್ಪನ್ನು ಹೊತ್ತವರು ಬೇಕಾದಷ್ಟಿದ್ದಾರೆ. ಅಂದು ರಾತ್ರಿ ಅವರ ಹೆಂಡತಿಯರು ಹೋಳಿಗೆ ಮಾಡಿ ಬಡಿಸಿದರೇ ಎಂಬುದು ಮಾತ್ರ ಎಲ್ಲೂ ದಾಖಲಾಗಿಲ್ಲ. ನನಗೆ ಸಿಕ್ಕಿತು, ತುಪ್ಪದ ಸಮೇತ.

ಮಾವ ನಿಜಕ್ಕೂ ಮರೆತಿದ್ದರೋ, ಎಲ್ಲ ಗೊತ್ತಿದ್ದೇ ನನಗೊಂದು ಒಳ್ಳೆಯತನದ ಅವಕಾಶ ಕೊಟ್ಟರೋ, ನಾನು ಕೇಳಿಲ್ಲ. ಅಳಿಯ ಮಾವಂದಿರ ನಡುವೆ ಕೆಲವನ್ನು ಕೇಳದಿದ್ದರೇ ಬಾಳಿಕೆ ಹೆಚ್ಚು. ಮುಂದಿನ ಆಯುಧಪೂಜೆಗೆ ಚೆಂಡುಹೂವಿನ ಹಾರ ಹಿಡಿದು ಎಂದಿನಂತೆ ಬಂದರು. ಸಹಾಯಕ್ಕೆಂದು ನಾನು ಹಾರಕ್ಕೆ ಕೈಹಾಕಿದೆ. ಅವರು ನನ್ನ ಕೈಯನ್ನು ಮೆಲ್ಲಗೆ ಸರಿಸಿದರು.

“ಬೇಡ ಅಳಿಯಂದ್ರೇ. ಹೋದ ಸಲ ನೀವು ಕಟ್ಟಿದ್ದೇ ಸಾಕು. ಈ ಸಲ ನಾನೇ ಕಟ್ತೀನಿ.”