ಹೊಸ್ತಿಲಿನಿಂದ ನೋಡಿದ ಹರಳು

ಕೊಟ್ಟೂರಿನ ಬಜಾರಿನಲ್ಲಿದ್ದ ಒಬ್ಬ ಅಕ್ಕಸಾಲಿಗರು ಹರಳನ್ನು ಗಿರಾಕಿಯ ಬೆರಳ ಮೇಲಿಟ್ಟು, ತಾವು ಎದ್ದು ಅಂಗಡಿಯ ಹೊಸ್ತಿಲಿಗೆ ಹೋಗಿ ನಿಲ್ಲುತ್ತಿದ್ದರು. ಅಲ್ಲಿಂದ ಕಣ್ಣು ಕಿರಿದಾಗಿಸಿ, "ದೂರದಿಂದ ನೋಡಬೇಕ್ರಿ" ಅನ್ನುತ್ತಿದ್ದರು. ಮೊಬೈಲಿನಲ್ಲಿ ಡಿಸೈನ್ ತೋರಿಸಿದವರಿಗೆ ಮುಖ ತಿರುಗಿಸುತ್ತಿದ್ದರು.

ನನ್ನ ಮದುವೆಗೆ ಅವ್ವ ಮಾಡಿಸಿದ ಉಂಗುರಕ್ಕೆ ಒಂದೇ ತೂಕದ ಎರಡು ವಜ್ರ ತೆಗೆದರು. ಒಂದು ದುಂಡಗೆ, ಇನ್ನೊಂದು ಎಲೆಯಂತೆ ಉದ್ದಕ್ಕೆ. ನನ್ನ ಮೊಂಡು ಬೆರಳಿನ ಮೇಲೆ ಉದ್ದನೆಯದೇ ದೊಡ್ಡದಾಗಿ ಕಂಡಿತು. ಬೆರಳೂ ಸ್ವಲ್ಪ ನೀಳವಾದಂತಿತ್ತು.

"ಬೀಗರು ದೂರ ಕುಂತು ನೋಡ್ತಾರ ತಂಗಿ, ಇದ ಇರಲಿ" ಅಂದರು.

ಅಷ್ಟರಲ್ಲಿ ಅವರ ಹೆಂಡತಿ ಚಹಾ ತಂದರು. ಅವರ ಮೂಗುತಿಯಲ್ಲಿ ಸಾಸಿವೆಯಷ್ಟು ದುಂಡು ವಜ್ರ.

"ಇವರಿಗ್ಯಾಕ ಉದ್ದಂದು ಹಾಕಿಲ್ರಿ?" ಎಂದೆ.

"ಆಕಿನ್ನ ನೋಡಾವ ನಾನೊಬ್ಬನ. ನಾ ಹತ್ರಾನ ಇರ್ತೀನಲ್ಲ" ಅಂದರು.

"ಸುಮ್ನಿರ್ರಿ" ಎಂದು ಆಕೆ ಸೆರಗನ್ನು ಮೂಗಿಗೆ ಅಡ್ಡ ಹಿಡಿದರು.

ಬೀಗರು ಉಂಗುರವನ್ನೇನೋ ಮೆಚ್ಚಿದರು. ನನಗೆ ಮಾತ್ರ ಅಕ್ಕಸಾಲಿಗರು ಹೆಂಡತಿಯ ಬಗ್ಗೆ ಅಂದಂಥದೊಂದು ಮಾತು ಬೇಕಿತ್ತು. ಯಾರಾದರೂ ಅಂದಾರೆಂದು ಎಷ್ಟೋ ವರ್ಷ ಕಾದೆ.

ಅಕ್ಕಸಾಲಿಗರ ಹೆಂಡತಿ ತೀರಿಹೋದ ಮೇಲೆ ಅವರನ್ನು ಮಾತಾಡಿಸಲು ಅಂಗಡಿಗೆ ಹೋದೆ. ಆ ಮೂಗುತಿ ಮೇಜಿನ ಕಪ್ಪು ಬಟ್ಟೆಯ ಮೇಲಿತ್ತು. ನನ್ನನ್ನು ಕೂರಿಸಿ ಅವರು ಎಂದಿನಂತೆ ಎದ್ದು ಹೊಸ್ತಿಲಿಗೆ ಹೋದರು. ಅಲ್ಲಿ ನಿಂತು ಮೂಗುತಿಯ ಕಡೆ ಬಹಳ ಹೊತ್ತು ನೋಡಿದರು.

"ಇಲ್ಲಿಂದ ಕಾಣವಲ್ದು ತಂಗಿ" ಅಂದರು.