ರೀಸೆಟ್ ಒತ್ತಿ ಹಿಡಿದು

ನನ್ನ ಗಂಡನಿಗೆ ಬೀದಿಯವರಿಟ್ಟ ಅಡ್ಡಹೆಸರು ‘ಊದಬೇಡಿ’. ಟಿವಿಗೆ ಜೋಡಿಸಿ ಆಡುವ ಹಳೆಯ ಗೇಮ್ ಪೆಟ್ಟಿಗೆಗಳ ರಿಪೇರಿ ಅವರ ಕಸುಬು. ಆಟ ಶುರುವಾಗದಿದ್ದರೆ ಪೆಟ್ಟಿಗೆಯಿಂದ ಅದರ ಕ್ಯಾಸೆಟ್ ಹೊರಗೆಳೆದು ಉಫ್ ಎಂದು ಊದುವುದು ಒಂದಿಡೀ ತಲೆಮಾರಿನ ಚಾಳಿ. ಉಸಿರಿನ ತೇವಕ್ಕೆ ಒಳಗೆ ಕಿಲುಬು ಹಿಡಿಯುತ್ತದೆ, ಊದಬೇಡಿ ಎಂದು ಮೂವತ್ತು ವರ್ಷ ಹೇಳಿದರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಜನ ಮಾತು ಕೇಳಿದ್ದರೆ ನಮಗೆ ಗಿರಾಕಿಗಳೂ ಇರುತ್ತಿರಲಿಲ್ಲ ಅನ್ನಿ.

ಆ ಪೆಟ್ಟಿಗೆಯ ಹಣೆಬರಹವೇ ಹಾಗೆ. ಗೇಮ್ ಯಂತ್ರವೆಂದರೆ ಅಂಗಡಿಯವರು ಮುಖ ತಿರುಗಿಸುತ್ತಿದ್ದ ಕಾಲದಲ್ಲಿ, ವಿಡಿಯೊ ಪ್ಲೇಯರ್‌ನಂತೆ ಕಾಣಲಿ ಎಂದು ಅದಕ್ಕೆ ಕ್ಯಾಸೆಟ್ಟನ್ನು ಮುಂದಿನಿಂದ ತುರುಕುವ ಬಾಯಿ ಇಟ್ಟರಂತೆ. ಆ ಬಾಯಿಯೊಳಗಿನ ಎಪ್ಪತ್ತೆರಡು ಪಿನ್ನುಗಳು ಬರಬರುತ್ತ ಸಡಿಲವಾಗುತ್ತವೆ. ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಅವನ್ನು ಸೂಜಿಯಿಂದ ಒಂದೊಂದಾಗಿ ಎತ್ತಿ ಎತ್ತಿ ಇವರು ಕಣ್ಣು ಮಂಜು ಮಾಡಿಕೊಂಡರು. ಈಗ ಕೈಯೂ ನಡುಗುತ್ತದೆ. "ಸಾಕು ಮಾಡ್ರೀ" ಎಂದರೆ "ಇದೊಂದು ಮುಗೀಲಿ" ಎನ್ನುತ್ತಾರೆ. ಆ ‘ಇದೊಂದು’ ಮುಗಿದದ್ದನ್ನು ನಾನು ಕಂಡಿಲ್ಲ.

ಕಳೆದ ವಾರ ನರ್ಸಮ್ಮ ಒಬ್ಬರು ಡ್ಯೂಟಿ ಮುಗಿಸಿ ಬಂದು ಕ್ಯಾಸೆಟ್ ಒಂದನ್ನು ಮೇಜಿನ ಮೇಲಿಟ್ಟರು. ತೀರಿಹೋದ ತಮ್ಮನದು. ಅವನು ಆಡಿ ಉಳಿಸಿದ ಆಟ ಅದರಲ್ಲಿ ಇನ್ನೂ ಇತ್ತು. ಒಳಗಿನ ಗುಂಡಿಯಷ್ಟು ಬ್ಯಾಟರಿ ಜೀವ ಹಿಡಿದಿರುವವರೆಗೆ ಮಾತ್ರ ಅದು ಇರುತ್ತದೆ.

"ಅವನ ಕೈಯದ್ದು ಅಂತ ಉಳಿದಿರೋದು ಇದೊಂದೇ," ಎಂದರು.

ಬೇರೊಂದು ಬ್ಯಾಟರಿಯಿಂದ ತಂತಿ ಕೊಟ್ಟುಕೊಂಡು, ಉಳಿಸಿದ್ದು ಅಳಿಯದಂತೆ ಹಳೆಯದನ್ನು ಬಿಡಿಸಿ ಹೊಸದನ್ನು ಕೂರಿಸಬೇಕು. ಇವರು ನೂರಾರು ಸಲ ಮಾಡಿದ ಕೆಲಸ. ಅವತ್ತು ಸಂಜೆಯ ಹೊತ್ತಿಗೆ ಸುಸ್ತಾಗಿದ್ದರು. ನಾಳೆ ಮಾಡಿ ಎನ್ನಲು ನನಗೂ ತೋಚಲಿಲ್ಲ. ಕೈ ನಡುಗಿತು, ತಂತಿ ಜಾರಿತು. ಅಷ್ಟೇ, ಉಳಿಸಿದ್ದೆಲ್ಲ ಹೋಯಿತು.

ಇಂಥದ್ದಕ್ಕೆ ಈ ಕಸುಬಿನವರ ಹತ್ತಿರ ಸಿದ್ಧ ಮಾತೊಂದಿದೆ: ಬಿಚ್ಚುವಷ್ಟರಲ್ಲೇ ಬ್ಯಾಟರಿ ಸತ್ತಿತ್ತು. ಮರುದಿನ ಆಕೆ ಬಂದಾಗ, ಅದನ್ನೇ ಹೇಳಿ ಎಂದು ಇವರನ್ನು ಕಣ್ಣಲ್ಲೇ ಬೇಡಿಕೊಂಡೆ.

"ನನ್ನ ಕೈತಪ್ಪಿಂದ ಹೋಯ್ತಮ್ಮಾ," ಎಂದುಬಿಟ್ಟರು. ಈ ಮನುಷ್ಯನಿಗೆ ಸುಳ್ಳೂ ಗೊತ್ತಿಲ್ಲ, ರಜೆಯೂ ಗೊತ್ತಿಲ್ಲ.

ನರ್ಸಮ್ಮ ಕ್ಯಾಸೆಟ್ ಹಾಕಿಸಿಕೊಂಡು, ಪರದೆಯ ಮೇಲೆ ಆಡುವವರ ಹೆಸರಿಗೆಂದು ಇರುವ ಮೂರು ಖಾಲಿ ಜಾಗಗಳನ್ನು ನೋಡಿದರು. ಮೊದಲನೆಯದರಲ್ಲಿ ತಮ್ಮನ ಹೆಸರನ್ನು ಒಂದೊಂದೇ ಅಕ್ಷರವಾಗಿ ತುಂಬಿದರು.

"ಹೊಸ ಬ್ಯಾಟರಿ ಎಷ್ಟು ದಿನ ಬರುತ್ತೆ?"

"ಹದಿನೈದು ವರ್ಷ ಬರಬಹುದು."

"ಸಾಕು. ಅಷ್ಟರೊಳಗೆ ಆಡೋದು ಕಲಿತ್ಕೋತೀನಿ."

ಆಮೇಲೆ ನರ್ಸಮ್ಮ ತಾವೇ ಒಂದು ಬೆರಳಲ್ಲಿ ಪೆಟ್ಟಿಗೆಯ ರೀಸೆಟ್ ಗುಂಡಿ ಒತ್ತಿ ಹಿಡಿದು, ಇನ್ನೊಂದರಲ್ಲಿ ಪವರ್ ಆರಿಸಿದರು. ಹಾಗೆ ಆರಿಸದಿದ್ದರೆ ಉಳಿಸಿದ ಆಟ ಅಳಿಸಿಹೋಗುವ ಭಯವಿರುತ್ತದೆ.

"ಇದೊಂದನ್ನ ತಮ್ಮ ಬೈದು ಬೈದು ಕಲಿಸಿದ್ದ," ಎಂದು ಕ್ಯಾಸೆಟ್ ಚೀಲಕ್ಕೆ ಹಾಕಿಕೊಂಡು ಹೊರಟರು.

ನನ್ನ ಗಂಡ ಕನ್ನಡಕ ಒರೆಸುತ್ತ ಕೂತಿದ್ದರು.

"ಆಯಮ್ಮ ನಂಗೂ ಎರಡು ಬೈದಿದ್ರೆ ಚೆನ್ನಾಗಿತ್ತು ಕಣೇ," ಎಂದರು.