ಬುಚೋ ಇಡುತ್ತಿದ್ದ ಚುಕ್ಕಿ

ಕೀಬೋರ್ಡಿನ ಮೇಲೆ ಅವರು ಓಡಿಸುತ್ತಿದ್ದದ್ದು ಎರಡೇ ಬೆರಳು. ಸಾಲು ಮುಗಿದಾಗ ಮಾತ್ರ ಬಲಗೈ ತೋರುಬೆರಳನ್ನು ಮೇಲೆತ್ತಿ, ಮಗುವಿನ ಹಣೆಗೆ ಬೊಟ್ಟಿಡುವ ಹಾಗೆ, ಒಂದು ಚುಕ್ಕಿ ಒತ್ತುತ್ತಿದ್ದರು. ಆ ಬೆರಳಿನ ಉಗುರು ಸೀಳಿತ್ತು. ಚಿಕ್ಕಂದಿನಲ್ಲಿ ಅಪ್ಪನ ದೋಣಿಯ ಹಗ್ಗಕ್ಕೆ ಸಿಕ್ಕಿತ್ತಂತೆ.

ಜಪಾನಿನ ಕೋಬೆಯ ನಮ್ಮ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಅವರು ಬುಚೋ, ಅಂದರೆ ವಿಭಾಗದ ಮುಖ್ಯಸ್ಥರು. ಮೈಸೂರಿನವಳಾದ ನಾನು ಅವರ ಕೈಕೆಳಗೆ. ಮೀನುಗಾರನ ಮಗನಾದರೂ ಕೊಂಬಿನಿ ಎಂಬ ಮೂಲೆಯಂಗಡಿಯಿಂದ ಸಸ್ಯಾಹಾರಿಯಾದ ನನಗೆ ಅನ್ನದುಂಡೆ ತರುವಾಗ, ಒಳಗೆ ಮೀನಿನ ಪುಡಿ ಇದೆಯೋ ಎಂದು ಕನ್ನಡಕ ಹಣೆಗೇರಿಸಿ ಪೊಟ್ಟಣ ಓದುತ್ತಿದ್ದರು.

ಸುತ್ತಲಿನ ಸಣ್ಣ ದಕ್ಕೆಗಳಲ್ಲಿ ಸಮುದ್ರ ಯಾವಾಗ ಎಷ್ಟು ಏರುತ್ತದೆಂದು ಲೆಕ್ಕ ಹಾಕುವ ಪ್ರೋಗ್ರಾಮಿನ ಲೈಬ್ರರಿಯೊಂದನ್ನು ಅವರು ಯೌವನದಲ್ಲೇ ಸಿ ಭಾಷೆಯಲ್ಲಿ ಬರೆದಿದ್ದರು. ಅದು ಓಡುತ್ತಿದ್ದದ್ದು ಅವರ ಮೇಜಿನ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ. ಬೆಳಗಾದರೆ ಮೀನುಗಾರರ ಫೋನು. ಇವರು ನೋಡಿ ಹೇಳುವುದು. ಮಾರ್ಚ್ ಕೊನೆಗೆ ಇವರಿಗೂ ಆ ಕಂಪ್ಯೂಟರಿಗೂ ಒಟ್ಟಿಗೇ ನಿವೃತ್ತಿ. "ನಾನು ಹೋದ್ಮೇಲೂ ಅವ್ರಿಗೆ ನೀರಿನ ಲೆಕ್ಕ ಸಿಗ್ಬೇಕು" ಎಂದು ನನಗೆ ಕೆಲಸ ಒಪ್ಪಿಸಿದರು. ಲೈಬ್ರರಿಯನ್ನು ಹೊಸದಾಗಿ ಕಂಪೈಲ್ ಮಾಡಿ, ಅಂದರೆ ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತಿರುಗಿಸಿ, ಮೀನುಗಾರರ ಫೋನಿನ ಬ್ರೌಸರಿನೊಳಗೇ ಓಡುವಂತೆ ಮಾಡಬೇಕಿತ್ತು.

ನನಗೋ ಅಚ್ಚುಕಟ್ಟಿನ ಹುಚ್ಚು. ಕೋಡಿನ ನಡುನಡುವೆ ಓದುವವರಿಗಾಗಿ ಅವರು ಬರೆದಿದ್ದ ಜಪಾನೀ ಟಿಪ್ಪಣಿಗಳ ಕೊನೆಯಲ್ಲೆಲ್ಲ ಚುಕ್ಕಿ ಕಂಡು, ಮುದುಕರ ಮಡಿ ಎಂದು ನಕ್ಕು, ಒಂದೇ ಏಟಿಗೆ ಎಲ್ಲವನ್ನೂ ಅಳಿಸಿದೆ. ಕಂಪೈಲ್ ಆಯಿತು, ಬ್ರೌಸರಿನಲ್ಲಿ ಓಡಿಯೂ ಓಡಿತು. ಆದರೆ ಸಮುದ್ರ ಸರಿಯಾಗಿ ಮೇಲೇಳುತ್ತಲೇ ಇಲ್ಲ; ಬಕೆಟ್ಟಿನ ನೀರಿನಂತೆ ತುಸು ತುಳುಕಿ ತೆಪ್ಪಗಾಗುತ್ತದೆ. ಮೂರು ದಿನ ತಲೆ ಕೆರೆದುಕೊಂಡೆ. ನಿವೃತ್ತಿಗೆ ಉಳಿದದ್ದು ಒಂದೇ ವಾರ.

ಕೊನೆಗೆ ಹೋಗಿ ತೋರಿಸಿದೆ. ಪರದೆ ನೋಡಿ "ಚಂದ್ರ ಇಲ್ವಲ್ಲ" ಎಂದರು. ಕಂಪ್ಯೂಟರಿನ ಹಳೆಯ ಜಪಾನೀ ಲಿಪಿ ವ್ಯವಸ್ಥೆಯಲ್ಲಿ 'ಕೋಷ್ಟಕ' ಎಂಬರ್ಥದ ಅಕ್ಷರವನ್ನು ಎರಡು ಸಂಕೇತಗಳಾಗಿ ಇಡುತ್ತಾರೆ; ಅದರಲ್ಲಿ ಎರಡನೆಯದು, 'ಮುಂದಿನ ಸಾಲಿಗೂ ಮುಂದುವರಿದಿದೆ' ಎಂಬ ಗುರುತೂ ಹೌದು. ಟಿಪ್ಪಣಿ ಆ ಅಕ್ಷರದಲ್ಲಿ ಮುಗಿದರೆ ಕಂಪೈಲರ್ ಕೆಳಗಿನ ಸಾಲನ್ನೂ ಟಿಪ್ಪಣಿಯೆಂದೇ ತಿಳಿದು ಬಿಟ್ಟುಬಿಡುತ್ತದೆ. ಅಕ್ಷರದ ಆಚೆ ಒಂದು ಚುಕ್ಕಿಯಿದ್ದರೆ ಬಚಾವು. ನಾನು ಚುಕ್ಕಿ ಅಳಿಸಿದ್ದ ಒಂದು ಟಿಪ್ಪಣಿ 'ಚಂದ್ರನ ಕೋಷ್ಟಕ'. ಅದರ ಕೆಳಗಿನ ಸಾಲು, ಚಂದ್ರನ ಸೆಳೆತವನ್ನು ಕೂಡಿಸುವುದು. ಗ್ರಹಣ ಹಿಡಿಸಿದ ರಾಹು ನಾನೇ!

ನಾಚಿಕೆಯಿಂದ ಬಗ್ಗಿ "ಸುಮಿಮಾಸೆನ್, ತಪ್ಪಾಯ್ತು" ಎಂದೆ. ಅವರು ನನಗಿಂತ ಹೆಚ್ಚು ಬಗ್ಗಿದರು.

"ಚುಕ್ಕಿ ಯಾಕೆ ಅಂತ ಬರೆದಿಡದೇ ಇದ್ದದ್ದು ನನ್ನ ತಪ್ಪು. ಆದ್ರೆ ನೀವೂ, ಯಾಕಿದೆ ಅಂತ ಗೊತ್ತಾಗೋವರೆಗೂ ಯಾವ್ದನ್ನೂ ಅಳಿಸ್ಬೇಡಿ."

ಚುಕ್ಕಿಗಳನ್ನು ಒಂದೇ ಏಟಿಗೆ ವಾಪಸ್ ತರಬಹುದು ಎಂದು ನಾನು ಹೇಳಿದರೂ ಕೇಳದೆ, ಕುರ್ಚಿ ಎಳೆದುಕೊಂಡು ಒಂದೊಂದನ್ನೇ ಇಡುತ್ತಾ ಹೋದರು. ಸಂಜೆ ನನ್ನ ಫೋನಿನಲ್ಲಿ ಸಮುದ್ರ ಏರಿತು. ಅವರು ಮಗುವಿನಂತೆ ಚಪ್ಪಾಳೆ ತಟ್ಟಿದರು. ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಖುಷಿಯ ಸಂಜೆ ಇನ್ನೊಂದಿಲ್ಲ.

ಆಮೇಲಿಂದ ಅಮ್ಮನಿಗೆ ಕಳಿಸುವ ಮೆಸೇಜಿಗೂ ನಾನು ಚುಕ್ಕಿ ಇಡುತ್ತೇನೆ. "ಏನೇ ಇದು, ಎಲ್ಲಕ್ಕೂ ಫುಲ್‌ಸ್ಟಾಪ್ ಇಡ್ತೀಯ? ಕೋಪಾನಾ?" ಎನ್ನುತ್ತಾಳೆ ಅಮ್ಮ.

ಕಳೆದ ಚಳಿಗಾಲದಲ್ಲಿ ಬುಚೋ ತೀರಿಕೊಂಡರು. ಅಂತ್ಯಕ್ರಿಯೆಯ ಬೆಳಿಗ್ಗೆ, ಹಿಂದೆ ದಿನಾ ಅವರಿಗೆ ಫೋನ್ ಮಾಡುತ್ತಿದ್ದ ಮೀನುಗಾರರೊಬ್ಬರು ನನ್ನ ಪಕ್ಕದಲ್ಲಿ ನಿಂತಿದ್ದರು. ಜೇಬಿನಿಂದ ಫೋನ್ ತೆಗೆದು ನಮ್ಮ ನೀರಿನ ಲೆಕ್ಕದ ಪುಟ ನೋಡಿದರು.

"ಹನ್ನೊಂದಕ್ಕೆ ನೀರು ಏರುತ್ತೆ, ನಾನಿನ್ನು ಹೊರಡ್ಬೇಕು" ಎಂದು, ಹೂಗಳ ನಡುವಿನ ಫೋಟೋಗೆ ತಲೆಬಾಗಿ ಮೆಲ್ಲಗೆ ಸೇರಿಸಿದರು: "ಅವ್ರೇ ಹೇಳ್ತಿದಾರೆ."